ನರ್ಸಬಾಯಿಯ ಗಿಡ್ಡ ಗಿಡಗಳು

ರಸ್ತೆಯಲ್ಲಿ ನಡೆಯುವಾಗ ನರ್ಸಬಾಯಿಯ ಗದ್ದ ಮೇಲಕ್ಕೆ, ಬಾಯಿ ಅರ್ಧ ತೆರೆದು. ಕಣ್ಣಿಗೆ ಯಾರೋ ಔಷಧಿ ಬಿಡಲೆಂದು ಕಾಯುತ್ತಿರುವವರ ಹಾಗೆ. ಗೋಕಾಕದ ಜನವೆಲ್ಲ ಕಾಲಡಿಯ ತಗ್ಗು ನೋಡಿಕೊಂಡು ನಡೆದರೆ ಇವರು ಗೋಡೆ ನೋಡಿಕೊಂಡು ನಡೆಯುತ್ತಿದ್ದರು. ಹಳೆಯ ಗೋಡೆಯ ಬಿರುಕಿನಲ್ಲಿ ಆಲದ್ದೋ ಬಸರಿಯದೋ ಸಸಿ ಕಂಡರೆ ಸಾಕು, ಚೀಲದಿಂದ ಚಮಚ ಹೊರಬರುತ್ತಿತ್ತು. ಬೇರಿಗೆ ಒದ್ದೆ ಬಟ್ಟೆ ಸುತ್ತಿ, ಆಗ ತಾನೇ ಹುಟ್ಟಿದ ಕೂಸನ್ನು ತರುವಂತೆ ಎರಡೂ ಕೈಯಲ್ಲಿ ಮನೆಗೆ ತರುತ್ತಿದ್ದರು. ಸರಕಾರಿ ದವಾಖಾನೆಯಲ್ಲಿ ಅರ್ಧ ಊರಿನ ಹೆರಿಗೆ ಮಾಡಿಸಿದ ಕೈಗಳವು. ನನ್ನನ್ನೂ ಈ ಲೋಕಕ್ಕೆ ಎತ್ತಿಕೊಂಡದ್ದು ಅವೇ. "ಅಂಗೈಯಷ್ಟ ಇದ್ದೀಲೇ, ಬಾಯಿ ಮಾತ್ರ ಓಣಿ ತುಂಬ ಇತ್ತು" ಎನ್ನುತ್ತಿದ್ದರು. ಈಗಲೂ ಪರಿಸ್ಥಿತಿ ಹೆಚ್ಚುಕಡಿಮೆ ಅದೇ.

ನಾನು ಎಲ್ಲರ ನಕಲು ಮಾಡುವವ. ಬಸ್ಸಿನ ಕಂಡಕ್ಟರ್, ಹಾಲು ಹಾಕುವವ, ನಮ್ಮಪ್ಪ, ಕನ್ನಡಿಯಲ್ಲಿ ಕಾಣುವ ಆ ಕುಳ್ಳ, ಯಾರನ್ನೂ ಬಿಟ್ಟಿಲ್ಲ. ಚಿಕ್ಕವನಿದ್ದಾಗ ಒಮ್ಮೆ ಓಣಿಯಲ್ಲಿ ನರ್ಸಬಾಯಿಯ ನಡಿಗೆ ಮಾಡಿ ತೋರಿಸುತ್ತಿದ್ದಾಗ ಅವರೇ ಹಿಂದೆ ನಿಂತಿದ್ದರು. ಬೇರೆಯವರಾಗಿದ್ದರೆ ಚಪ್ಪಲಿ ಬರುತ್ತಿತ್ತು. ಇವರು, "ಗದ್ದ ಇನ್ನಷ್ಟ ಎತ್ತಲೇ, ನಾ ಅಷ್ಟ ನಾಚಿಕೊಂಡ ನಡ್ಯಾಂಗಿಲ್ಲ" ಎಂದು ತಿದ್ದಿದರು. ಅಂದಿನಿಂದ ನಾನು ಅವರ ಟೆರೇಸಿನ ಕಾಯಂ ಗಿರಾಕಿಯಾದೆ.

ಟೆರೇಸಿನ ಮೇಲೆ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ, ಬೋನ್ಸಾಯ್ ಮಾಡಿದ ಮೊಣಕಾಲೆತ್ತರದ ಆಲ, ಅರಳಿ, ಬಸರಿ, ಹುಣಸೆ. ಎಳೆಯ ಕೊಂಬೆಗೆ ತಂತಿ ಸುತ್ತಿ, ಬೇಕಾದ ಕಡೆಗೆ ಮೆಲ್ಲಗೆ ಬಾಗಿಸುತ್ತಿದ್ದರು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಪಾಪ, ಗಿಡಕ್ಕ ಬೇಡಿ ಹಾಕೀರಲ್ರಿ!" ಅವರು ಪ್ರತಿದಿನ ಬೆಳಿಗ್ಗೆ ಒಂದೊಂದು ಸುತ್ತನ್ನೂ ಉಗುರಿನಿಂದ ಮುಟ್ಟಿ ನೋಡುತ್ತಿದ್ದುದನ್ನು ಮಾತ್ರ ಯಾರೂ ನೋಡಲಿಲ್ಲ. ತೊಗಟೆಯೊಳಗೆ ಇಳಿಯುವ ಮುಂಚೆಯೇ ತಂತಿಯನ್ನು ತುಂಡುತುಂಡಾಗಿ ಕತ್ತರಿಸಿ ತೆಗೆಯುತ್ತಿದ್ದರು. "ಮುರದ ಕೈಗೆ ಪ್ಲಾಸ್ಟರ್ ಹಾಕೂದು ದೊಡ್ಡ ಮಾತಲ್ಲೋ. ಯಾವಾಗ ತಗೀಬೇಕು ಅನ್ನೂದು ತಿಳೀಬೇಕು" ಎನ್ನುತ್ತಿದ್ದರು.

ಕೆಳಗಿನ ಮನೆಯಲ್ಲಿ ಅವರ ತಮ್ಮ, ತಮ್ಮನ ಹೆಂಡತಿ, ಮದುವೆಗೆ ಬಂದ ಮಗ. ಎಷ್ಟು ಓಡಾಡಿದರೂ ಹೆಣ್ಣು ಕೂಡಿಬರಲಿಲ್ಲ. ಹುಡುಗ ಕೆಲಸ ಹಿಡಿದದ್ದಿಲ್ಲ, ಹತ್ತು ಗಂಟೆಗೆ ಮೊದಲು ಎದ್ದದ್ದಿಲ್ಲ. ಅದನ್ನು ಯಾರೂ ಕಾರಣವೆಂದು ಎಣಿಸಲಿಲ್ಲ. ಹುಕ್ಕೇರಿ ಕಡೆಯಿಂದ ವಾಸ್ತು ನೋಡುವವರನ್ನು ಕರೆಸಿದರು. ಅವರು ಟೆರೇಸ್ ಹತ್ತಿ ಇಳಿದು, ಚಹಾ ಕುಡಿದು, "ತಲಿ ಮ್ಯಾಲ ಬೆಳವಣಿಗಿ ತಡದಿಟ್ಟೀರಿ. ಮನಿತನ ಹ್ಯಾಂಗ ಬೆಳೀಬೇಕ್ರಿ?" ಎಂದರು.

"ಖರೆ ಐತ್ರಿ!" ಎಂದು ತಮ್ಮನ ಹೆಂಡತಿ ನನ್ನತ್ತ ಬೆರಳು ಮಾಡಿದರು. "ಈ ಬಾಜೂಮನಿ ಹುಡುಗನ್ನ ನೋಡ್ರಿ. ಸಣ್ಣಾಂವಿದ್ದಾಗಿಂದ ಆ ಗಿಡದಾಗ ಇರ್ತಾನ."

"ಎದ್ದ ನಿಲ್ಲಪಾ ಒಮ್ಮಿ" ಎಂದರು ವಾಸ್ತುವಿನವರು.

"ನಿಂತೇನ್ರಿ" ಎಂದೆ.

ನರ್ಸಬಾಯಿ ಬಿಡಲಿಲ್ಲ. "ಇವರಪ್ಪನ್ನ ನೋಡೀರೇನ್ರಿ? ಎತ್ತರದಾಗ ಇವನಕಿಂತ ಎರಡ ಬಟ್ಟ ಕಮ್ಮಿ. ಅಂವಾ ಹುಟ್ಟಿದಾಗ ನಾ ಇನ್ನೂ ಸಾಲಿಗೆ ಹೊಂಟಿದ್ದೆ. ಆಗ ಯಾವ ಗಿಡ ಇತ್ತು?" ಎಲ್ಲರೂ ನಕ್ಕರು. ವಾಸ್ತುವಿನವರೂ ನಕ್ಕರು. ನಗಿಸಿದರೆ ಗೆದ್ದಂತೆ ಎಂದು ನಂಬಿದ ಮೂರ್ಖ ನಾನು.

ಬೇಸಿಗೆಯಲ್ಲಿ ನರ್ಸಬಾಯಿ ಸಂಬಂಧಿಕರ ಬಾಣಂತನಕ್ಕೆಂದು ಕಣಗಲಾಕ್ಕೆ ಹೋದರು. ತಿರುಗಿ ಬಂದಾಗ ಟೆರೇಸಿನಲ್ಲಿ ತಟ್ಟೆಗಳಿದ್ದ ಗುರುತು ಬಿಟ್ಟರೆ ಏನೂ ಇರಲಿಲ್ಲ.

"ಘೋಡಗೇರಿ ಹೊಲದಾಗ ಹಚ್ಚೀವಿ ಅಕ್ಕಾ" ಎಂದರು ತಮ್ಮ. "ಪಾಪ, ಬಿಡುಗಡಿ ಆತು ಅವಕ್ಕ."

"ಪುಣ್ಯದ ಕೆಲಸ ನೋಡ್ರಿ" ಎಂದು ಹೆಂಡತಿ ಸೇರಿಸಿದರು.

ನರ್ಸಬಾಯಿ ಕೇಳಿದ್ದು ಒಂದೇ: "ತಂತಿ?"

"ಯಾವ ತಂತಿ ಅಕ್ಕಾ?" ಎಂದರು ತಮ್ಮ.

ನಾನು ಸ್ಕೂಟರ್ ತೆಗೆದು ನರ್ಸಬಾಯಿಯನ್ನು ಹಿಂದೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಬೈದೆ, ಬೈಗುಳ ಮುಗಿದ ಮೇಲೆ ಹೊಸದಾಗಿ ಕಟ್ಟಿ ಬೈದೆ. ಘೋಡಗೇರಿಯಲ್ಲಿ, ಕಬ್ಬಿನ ಬದುವಿನ ಮೇಲೆ, ಸುಡುವ ಬಿಸಿಲಿನಲ್ಲಿ ಗಿಡಗಳನ್ನು ಸಾಲಾಗಿ ನೆಟ್ಟಿದ್ದರು. ಎಲೆಗಳು ಮುದುಡಿದ್ದವು. ಒಂದೊಂದರ ಮೈಮೇಲೂ ತಂತಿ ಹಾಗೆಯೇ ಇತ್ತು. ನೆಲಕ್ಕೆ ಬಿದ್ದ ಬೇರು ಹಿಡಿದುಕೊಂಡರೆ ಕಾಂಡ ದಪ್ಪಗಾಗುತ್ತದೆ, ತಂತಿ ದಪ್ಪಗಾಗುವುದಿಲ್ಲ, ಕೊರಳು ಹಿಸುಕುತ್ತದೆ. ಬೇಡಿ ಎಂದು ಕಣ್ಣೀರು ಹಾಕಿದ ಮಹಾತ್ಮರಿಗೆ ಬೇಡಿ ಕಳಚುವುದೇ ಮರೆತಿತ್ತು!

"ಎಲ್ಲಾ ಕಿತ್ತಕೊಂಡ ಹೋಗೂನ್ರಿ" ಎಂದೆ.

"ಬ್ಯಾಡ. ಈ ಬಿಸಲಾಗ ಎರಡ ಸಲ ಬೇರ ಕಿತ್ರ ಒಂದೂ ಉಳಿಯಾಂಗಿಲ್ಲ."

"ಹಂಗಾದ್ರ ನಿಮ್ಮ ತಮ್ಮಗ ಒಮ್ಮಿ ಬಾಯಿತುಂಬ ಬೈರಿ!"

"ಕೊಂಬಿ ಹಿಡಿ, ಅಳಗ್ಯಾಡಬಾರದು" ಎಂದು ಅವರು ಮಣ್ಣಿನಲ್ಲಿ ಮೊಣಕಾಲೂರಿ ಮೊದಲ ಸುತ್ತು ಕತ್ತರಿಸಿದರು. ಕೊನೆಯ ಗಿಡದ ತಂತಿ ತೆಗೆಯುವಾಗ ಸಂಜೆಯಾಗಿತ್ತು.

ಒಂದು ಹುಣಸೆ ಬದುಕಿತು. ಉಳಿದವು ಮಳೆಗಾಲ ಕಾಣಲಿಲ್ಲ. ಆ ಹುಣಸೆಯೂ ಈಗ ನನಗಿಂತ ಎತ್ತರ. ತಮ್ಮನ ಮಗನಿಗೆ ಹೆಣ್ಣು ಇನ್ನೂ ಕೂಡಿಬಂದಿಲ್ಲ. ದೋಷ ಈಗ ಬಾಗಿಲಲ್ಲಿದೆಯಂತೆ. ನರ್ಸಬಾಯಿ ಮತ್ತೆ ಸಸಿ ತರಲಿಲ್ಲ. ಎಲ್ಲರಂತೆ ನೆಲ ನೋಡಿಕೊಂಡು ನಡೆಯತೊಡಗಿದರು. "ಈಗ ಛಲೋ ಆದ್ರು ನೋಡ್ರಿ" ಎಂದಿತು ಓಣಿ. ಪಾಪಪುಣ್ಯ ತೂಗುವ ಈ ಓಣಿಯ ತಕ್ಕಡಿಗೆ ಬೆಂಕಿ ಹಾಕಬೇಕು.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದ ನರ್ಸಬಾಯಿ ಏಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ಮೂಡಲಗಿಯ ನೆಂಟರು, ಓಣಿಯವರು ಎಲ್ಲ ಪಡಸಾಲೆಯಲ್ಲಿ ಕುಳಿತಿದ್ದರು. ತಮ್ಮನೇ ನನ್ನನ್ನು ಕರೆದರು. "ಅಕ್ಕನ ದನಿ ತಗೀತಿಯಲ್ಲೋ. ಒಮ್ಮಿ ತಗಿ, ಕೇಳೂನು."

ಸತ್ತವರು ಆಡದ ಮಾತನ್ನು ಅವರ ದನಿಯಲ್ಲಿ ಆಡಬಾರದು; ನಕಲು ಮಾಡುವವನಿಗೂ ಒಂದು ನೇಮವಿದೆ. ಅವರು ಸಾಯುವವರೆಗೂ ಮತ್ತೆ ತಂತಿಯ ಮಾತು ಎತ್ತಲಿಲ್ಲವೆಂಬುದೂ ನನಗೆ ಗೊತ್ತು. ಆದರೂ ಗದ್ದ ಎತ್ತಿ, ಅವರದೇ ದನಿಯಲ್ಲಿ ಕೇಳಿದೆ:

"ತಮ್ಮಾ, ಬಿಡುಗಡಿ ಮಾಡಿದಿ, ಇರಲಿ. ತಂತಿ ಬಿಚ್ಚಾಕ ಏನಾಗಿತ್ತೋ ನಿನಗ?"

ಯಾರೂ ನಗಲಿಲ್ಲ. ತಮ್ಮ ನನ್ನತ್ತ ನೋಡಲಿಲ್ಲ. ಟೆರೇಸಿಗೆ ಹೋಗುವ ಮೆಟ್ಟಿಲ ಕಡೆ ತಿರುಗಿ, ಸಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗನಂತೆ ಹೇಳಿದರು:

"ತಿಳೀಲಿಲ್ಲ ಅಕ್ಕಾ."