ದ್ವೀಪಕ್ಕೆಂದು ಅರೆದ ಮಸಾಲೆ

ಮಾವ ಮರಳಿನ ಮೇಲೆ ಕೂತು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಮೀನಿಗೆ ಹಚ್ಚುವ ಕೆಂಪು ಮಸಾಲೆಯ ಪರಿಮಳಕ್ಕೆ ಪಕ್ಕದಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿದ್ದವರು ತಿರುಗಿ ನೋಡಿದರು.

ದೋಹಾದಿಂದ ಹೊರಟ ಕ್ರೂಸ್ ಹಡಗು ನಮ್ಮನ್ನು ಒಂದು ಖಾಸಗಿ ದ್ವೀಪದಲ್ಲಿ ಇಳಿಸಿತ್ತು. ಕೆಲಸ ಬಿಟ್ಟು ಊರಿಗೆ ಮರಳುವ ಮೊದಲು ಮಾವ ಆಸೆಪಟ್ಟು ಕೇಳಿದ್ದು ಇದೊಂದನ್ನೇ. ಹಿಂದೆಲ್ಲ ಶುಕ್ರವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ, ಗೆಳೆಯರ ಜೊತೆ ದೋಣಿಯಲ್ಲಿ ಇಲ್ಲಿಗೇ ಬಂದು ಗಾಳ ಹಾಕುತ್ತಿದ್ದರಂತೆ. ಸಿಕ್ಕಿದ ಮೀನಿಗೆ ಅಲ್ಲೇ ಮಸಾಲೆ ಹಚ್ಚಿ ಸುಟ್ಟು ತಿನ್ನುತ್ತಿದ್ದರಂತೆ. ಹಾಗಾಗಿ ದ್ವೀಪ ಎಂದ ಕೂಡಲೇ ದೋಹಾದ ಅಲ್ ಹಿಲಾಲ್‌ನ ನಮ್ಮ ಅಡುಗೆಮನೆಯಲ್ಲಿ ತಾವೇ ನಿಂತು ಮಸಾಲೆ ಅರೆದಿದ್ದರು. ನನಗೂ ಬೇಡವೆನ್ನಲು ತೋಚಲಿಲ್ಲ.

ಈಗ ಅಲ್ಲಿ ನೀರಿನ ಜಾರುಬಂಡೆ, ಬರ್ಗರ್ ಅಂಗಡಿ, ಕಿವಿಗಡಚಿಕ್ಕುವ ಹಾಡು. ಗಾಳ ಹಾಕುವ ಬಂಡೆ ಯಾವ ಕಡೆಗಿದೆ ಎಂದು ಮಾವ ಅಲ್ಲಿನ ಮಲಯಾಳಿ ಕಾವಲುಗಾರನನ್ನು ಹಿಂದಿಯಲ್ಲಿ ಕೇಳಿದರು.

"ಬಂಡೆಯನ್ನೆಲ್ಲ ಒಡೆದು ಮರಳು ತುಂಬಿಸಿದ್ದಾರೆ ಚೇಟ್ಟಾ. ಮೀನು ಬೇಕಿದ್ದರೆ ಬಫೆಯಲ್ಲಿದೆ," ಎಂದ ಅವನು, ಪಾಪ, ಮರ್ಯಾದೆಯಿಂದಲೇ.

ಮಾವ ಡಬ್ಬಿ ಮುಚ್ಚಿದರು. "ಖಲಾಸ್. ಹಡಗಿಗೆ ಹೋಗುವ, ಮಗಳೇ," ಎಂದರು. ಉಳಿದವರೆಲ್ಲ ಸಂಜೆಯವರೆಗೆ ನೀರಲ್ಲಿ ಆಡಿದರು. ಮಾವ ಕ್ಯಾಬಿನ್ನಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಮಲಗಿದ್ದರು.

ಮನೆಗೆ ಬಂದ ಮೇಲೆ ಅಂಜಲ್ ಮೀನು ತಂದು ಅದೇ ಮಸಾಲೆಯಲ್ಲಿ ಹುರಿಯಲೇ ಎಂದು ಕೇಳಿದೆ. ಬೇಡ, ಅದು ಮನೆಯ ಮೀನಿಗೆ ಅರೆದದ್ದಲ್ಲ ಎಂದರು. ಮಾವ ಊರಿಗೆ ಹೋಗಿಯಾಯಿತು. ಫ್ರೀಜರಿಗೆ ಕೈ ಹಾಕಿದಾಗೆಲ್ಲ ಆ ಡಬ್ಬಿ ತಣ್ಣಗೆ ತಾಗುತ್ತದೆ. ಅವರ ಆ ಹಳೆಯ ದ್ವೀಪದ್ದೆಂದು ಈಗ ಉಳಿದಿರುವುದು ಅದೊಂದೇ.