ಬೊಟ್ಟಿನಮ್ಮ ಮಾರ್ಕಿನ ಕಡ್ಡಿಪುಡಿ

ನನ್ನ ಹಣೆಯ ನಡುವೆ ಸಿಡುಬಿನ ಗುಳಿ ಒಂದಿದೆ. ಅದನ್ನು ಮುಚ್ಚಲೆಂದೇ ನನ್ನ ತಾಯಿ ನನಗೆ ದೊಡ್ಡ ಕುಂಕುಮ ಇಡುತ್ತಿದ್ದಳು. ಹುಣಸೂರಿಗೆ ಸೊಸೆಯಾಗಿ ಬಂದ ಮೇಲೂ ನಾನು ಹಾಗೇ ಇಟ್ಟುಕೊಳ್ಳುತ್ತಿದ್ದೆ. ಅದು ಭಕ್ತಿಯೂ ಅಲ್ಲ, ಸಿಂಗಾರವೂ ಅಲ್ಲ, ಗುಳಿ ಮುಚ್ಚುವ ಉಪಾಯ. ಆ ಗುಳಿಯಿಂದ ಒಂದು ಮಾರ್ಕು ಹುಟ್ಟಿ ಸಂತೆಯಿಂದ ಸಂತೆಗೆ ತಿರುಗಿತು. ತಿರುಗಲಿಕ್ಕೆ ಮುಂಚೆ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಹಾರಾಜರು ಇದ್ದ ಕಾಲ. ನನ್ನ ಗಂಡನ ಮನೆಯವರದು ಕಡ್ಡಿಪುಡಿಯ ಕಸುಬು. ಹೊಗೆಸೊಪ್ಪಿನ ಎಲೆಯೆಲ್ಲ ದೊಡ್ಡ ವ್ಯಾಪಾರಸ್ಥರ ಪಾಲಿಗೆ ಹೋಗುತ್ತಿತ್ತು. ಉಳಿದ ದಂಟು, ನರ ನಮ್ಮ ಪಾಲಿಗೆ. ಅದನ್ನು ಒಣಗಿಸಿ, ಒರಳಲ್ಲಿ ಕುಟ್ಟಿ, ಜರಡಿ ಹಿಡಿದರೆ ಕಡ್ಡಿಪುಡಿ. ಎಲೆ ಅಡಿಕೆಯ ಮೇಲೆ ಒಂದು ಚಿಟಿಕೆ ಉದುರಿಸಿ ಬಾಯಿಗೆ ಹಾಕಿಕೊಂಡರೆ ನಾಟಿ ಹಾಕುವ ಹೆಂಗಸರಿಗೆ ಸೊಂಟ ನೋಯುವುದು ಗೊತ್ತಾಗುವುದಿಲ್ಲ. ಕುಟ್ಟುವಾಗ ಮನೆಮಂದಿಯೆಲ್ಲ ಸೀನುತ್ತಿದ್ದೆವು. ಮನೆಯಲ್ಲಿ ಗಂಡ, ನಾನು, ಮೈದುನ, ಅವನ ಹೆಂಡತಿ, ಮೇಲೆ ಯಜಮಾನಿಕೆ ಮಾಡಲು ಅತ್ತೆ. ಅತ್ತೆಯ ಗಂಡ ನಾನು ಬರುವ ಮೊದಲೇ ತೀರಿಕೊಂಡಿದ್ದ. ಅವಳ ಬರಿಹಣೆಯನ್ನು ನೋಡಿ ನೋಡಿ ನಮಗೆಲ್ಲ ಅಭ್ಯಾಸವಾಗಿತ್ತು, ಹಾಗಾಗಿ ಅದು ಕಾಣುತ್ತಿರಲಿಲ್ಲ.

ಪುಡಿ ಮಾರುವವರು ಹುಣಸೂರಲ್ಲಿ ಬೇಕಾದಷ್ಟು ಜನ ಇದ್ದರು. ಎಲ್ಲರೂ ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದರು. ನಮ್ಮ ಪುಡಿಯಲ್ಲಿ ಮಣ್ಣು ಇರುತ್ತಿರಲಿಲ್ಲ, ಕೆಲವರ ಪುಡಿಯಲ್ಲಿ ಇರುತ್ತಿತ್ತು. ಕಟ್ಟಿದ ಮೇಲೆ ಯಾವುದು ಯಾರದು ಎಂದು ಹೇಳುವುದು ಹೇಗೆ? ಹಲ್ಲಿಗೆ ಮಣ್ಣು ಸಿಕ್ಕಿದವರು ನಮ್ಮನ್ನೂ ಸೇರಿಸಿ ಬಯ್ಯುತ್ತಿದ್ದರು. ಕಾಗದದ ಪೊಟ್ಟಣ ಮಾಡಿ ಅದರ ಮೇಲೆ ನಮ್ಮದೇ ಮಾರ್ಕು ಹಾಕಬೇಕು ಎಂಬುದು ನನ್ನ ಗಂಡನ ತಲೆಗೆ ಹೊಕ್ಕಿತು.

ಮೊದಲು ಮಾಡಿಸಿದ ಮಾರ್ಕಿನಲ್ಲಿ ಅವನು ಏನೂ ಬಿಡಲಿಲ್ಲ. ಎರಡು ಆನೆ, ನಡುವೆ ಹೊಗೆಸೊಪ್ಪಿನ ಗಿಡ, ಮೇಲೆ ಸೂರ್ಯ ಚಂದ್ರ, ಸುತ್ತ ಕಮಾನು, ಕಮಾನಿನ ಮೇಲೆ ಊರಿನ ಹೆಸರು. ಬಾಗಿಲಿಗೆ, ಗಾಡಿಗೆ ಕೆತ್ತನೆ ಮಾಡುತ್ತಿದ್ದ ಆಚಾರಿ, ನನ್ನ ಗಂಡ ಹೇಳಿದ್ದನ್ನೆಲ್ಲ ಮರದ ಅಚ್ಚಿನಲ್ಲಿ ಕೆತ್ತಿಕೊಟ್ಟ. ಅದನ್ನು ಮೈಸೂರಿಗೆ ಒಯ್ದು ಪ್ರೆಸ್ಸಿನಲ್ಲಿ ಹೊಡೆಸಿ ತಂದರೆ, ಬೆರಳುದ್ದದ ಕಾಗದದ ಮೇಲೆ ಮಸಿ ಚೆಲ್ಲಿದ ಹಾಗೆ ಕಂಡಿತು. ಪಿರಿಯಾಪಟ್ಟಣದ ಸಂತೆಯಲ್ಲಿ ಒಬ್ಬಳು ಮುದುಕಿ ಪೊಟ್ಟಣವನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದಳು.

"ಏನ್ಲಾ ಇದು, ಇರುವೆ ಗೂಡು ಬರ್ಸಿದ್ದೀಯ?"

"ಆನೆ ಕಣವ್ವ. ಎರಡಾನೆ."

"ಎಲ್ಲವೆ? ಕಾಕನಕೋಟೆ ಕಾಡ್ಗೆ ಓಡೋದ್ವಾ?"

ಸಂತೆಯವರೆಲ್ಲ ನಕ್ಕರು. ಗಂಡ ಮನೆಗೆ ಬಂದು ಕಾಗದದ ಕಟ್ಟನ್ನು ಒಲೆಯ ಪಕ್ಕಕ್ಕೆ ಎಸೆದ. ಒಂದು ತಿಂಗಳು ಅದರಲ್ಲೇ ಒಲೆ ಹೊತ್ತಿಸಿದೆವು.

ಆ ದಿನಗಳಲ್ಲಿ ಕೆಲವು ಸಂತೆಗಳಿಗೆ ನಾನೂ ಹೋಗುತ್ತಿದ್ದೆ. ಹೆಂಗಸರಿಗೆ ಹೆಂಗಸಿನ ಕೈಯಿಂದ ಕೊಂಡರೆ ಕೊಸರು ಕೇಳಲು ಸಲೀಸು. ಒಮ್ಮೆ ಮೈ ಸರಿಯಿಲ್ಲದೆ ನಾನು ಮನೆಯಲ್ಲಿ ಉಳಿದಿದ್ದೆ. ಕೆ.ಆರ್. ನಗರದ ಸಂತೆಯಲ್ಲಿ ಒಬ್ಬಳು ನನ್ನ ಗಂಡನ ಮುಂದೆ ನಿಂತು, "ಆ ದೊಡ್ ಬೊಟ್ಟಿನಮ್ಮ ಕೂತಿರ್ತಾಳಲ್ಲ, ಅವ್ಳ ಪುಡಿ ಎಲ್ಲಿ ಸಿಗ್ತದೆ?" ಎಂದು ಕೇಳಿದಳಂತೆ. ಎದುರಿಗೆ ಇದ್ದ ಪುಡಿ ಅದೇ. ಬೊಟ್ಟು ಇಲ್ಲದ್ದರಿಂದ ಅವಳಿಗೆ ಗುರುತು ಸಿಗಲಿಲ್ಲ.

ಗಂಡ ಅವತ್ತು ಮನೆಗೆ ಬಂದವನು ಕಾಲು ತೊಳೆಯುವುದಕ್ಕೆ ಮುಂಚೆ ಆಚಾರಿಯ ಮನೆಗೆ ಹೋದ. ಮಾರನೆಯ ದಿನ ಆಚಾರಿ ನಮ್ಮ ಹಿತ್ತಿಲಿಗೆ ಬಂದು ಕೂತ. ನಾನು ಮೊರದಲ್ಲಿ ಕಡ್ಡಿ ಆರಿಸುತ್ತಿದ್ದೆ.

"ಅಲ್ಲಾಡ್ಬ್ಯಾಡ ಕಣವ್ವ," ಅಂದ. "ಕೆನ್ನೆಲಿ ಎಲಡ್ಕೆ ಅಂಗೇ ಇಟ್ಕೊಂಡಿರು. ಉಗೀಬ್ಯಾಡ."

"ಯಾಕೆ?"

"ನಿನ್ ಗಂಡನ್ನ ಕೇಳು."

ಗಂಡನನ್ನು ನೋಡಿದೆ. ಅವನು ಆಚಾರಿಯ ಕೈಯಲ್ಲಿದ್ದ ಹಲಗೆಯನ್ನು ನೋಡುತ್ತಿದ್ದ. ಎಲೆ ಅಡಿಕೆ ಬಾಯಲ್ಲಿ ಇದ್ದುದರಿಂದ ಹೆಚ್ಚು ಮಾತಾಡುವ ಹಾಗೂ ಇರಲಿಲ್ಲ.

ಹೀಗೆ ನನ್ನ ಮುಖ ಅಚ್ಚಾಯಿತು. ಉಬ್ಬಿದ ಒಂದು ಕೆನ್ನೆ, ಮೂಗುತಿ, ತಲೆಯ ಮೇಲೆ ಸೆರಗಿನ ಒಂದು ಗೆರೆ, ಹಣೆಯಲ್ಲಿ ಬೊಟ್ಟಿನ ಜಾಗ ಖಾಲಿ. ಬೊಟ್ಟು ಕೆಂಪೇ ಆಗಬೇಕು ಎಂದು ಗಂಡನ ಹಟ. ಪ್ರೆಸ್ಸಿನವರು ಎರಡು ಬಣ್ಣ ಬೇಕಾದರೆ ಕಾಗದವನ್ನು ಎರಡು ಸಲ ಹೊಡೆಯಬೇಕು, ಅದಕ್ಕೆ ಬೇರೆ ಖರ್ಚು ಅಂದರಂತೆ. ಅದಕ್ಕೆ ಕರಿ ಮುಖ ಮಾತ್ರ ಹೊಡೆಸಿ ತಂದು, ಕೆಂಪು ಬಣ್ಣವನ್ನು ಗಂಜಿಯಲ್ಲಿ ಕಲಸಿ, ಮನೆಯಲ್ಲೇ ಬೊಟ್ಟು ಇಡಲು ನನ್ನನ್ನು ಕೂರಿಸಿದ. ಬಿದಿರಿನ ತುಂಡಿನಲ್ಲಿ ಒತ್ತಿ ನೋಡಿದೆವು, ಬಳೆಯ ಹಾಗೆ ನಡುವೆ ಖಾಲಿ ಬಂತು. ಬಟ್ಟೆ ಸುತ್ತಿ ಒತ್ತಿದರೆ ಬಣ್ಣ ಹರಡಿತು. ಕೊನೆಗೆ ಹಣೆಗೆ ಇಡುವ ಹಾಗೆ ಉಂಗುರದ ಬೆರಳಲ್ಲೇ ಇಟ್ಟೆ. ಸರಿಯಾಗಿ ಬಂತು. ನನ್ನ ಬೆರಳು ದಪ್ಪ.

ಆ ಪೊಟ್ಟಣ ಹೋದ ಹಾಗೆ ಬೇರೆ ಯಾವುದೂ ಹೋಗಲಿಲ್ಲ. ಓದು ಬಾರದವರಿಗೆ ಓದುವ ಕೆಲಸವೇ ಇರಲಿಲ್ಲ. ಬೆವರಲ್ಲಿ ನೆನೆದು, ಸೊಂಟದಲ್ಲಿ ಮುದುಡಿ, ಮುಖ ಅಳಿಸಿಹೋದರೂ ಕೆಂಪು ಚುಕ್ಕೆ ಉಳಿಯುತ್ತಿತ್ತು. "ಬೊಟ್ಟಿನಮ್ಮನ್ನ ಕೊಡು" ಅಂದರೆ ಸಾಕು, ಅಂಗಡಿಯವನಿಗೆ ತಿಳಿಯುತ್ತಿತ್ತು. ಎಚ್.ಡಿ. ಕೋಟೆಯ ಕಡೆಯವರೂ, ಕೊಡಗಿನ ತೋಟಕ್ಕೆ ಕೂಲಿಗೆ ಹೋಗುವವರೂ ಹಾಗೇ ಕೇಳುತ್ತಿದ್ದರು. ಗಂಡನಿಗೆ ಹಿಗ್ಗು. ನನಗೆ ಏನೂ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಸ್ಸು ನಿಲ್ಲುವ ಕಡೆ ನನ್ನ ಮುಖ ಸಾಲಾಗಿ ನೆಲದಲ್ಲಿ ಬಿದ್ದಿರುತ್ತಿತ್ತು. ತುಳಿಯುತ್ತಿದ್ದರು, ಅದರ ಮೇಲೆ ಉಗಿಯುತ್ತಿದ್ದರು. ನಾನು ಸುತ್ತು ಹಾಕಿ ನಡೆಯುತ್ತಿದ್ದೆ. ಆಮೇಲೆ ಸುತ್ತು ಹಾಕುವಷ್ಟು ಜಾಗವೂ ಉಳಿಯದೆ ನಾನೇ ತುಳಿದುಕೊಂಡು ಹೋದೆ. ಮುಖ ನನ್ನದಾದರೂ ಮಾರ್ಕು ಮನೆಯದು.

ಮಗಳು ಹುಟ್ಟಿ ನಡೆಯಲು ಕಲಿತ ಮೇಲೆ, ಗಂಡ ಎಚ್.ಡಿ. ಕೋಟೆ ಕಡೆಯ ಸಂತೆಗೆ ಹೋದವನು ಚಳಿಜ್ವರ ಹತ್ತಿಸಿಕೊಂಡು ಬಂದ. ಆ ಕಾಡಿನ ಕಡೆ ಹೋದವರಿಗೆ ಅದು ಹೊಸದಲ್ಲ. ಬೇರೆಯವರು ನಡುಗಿ ಎದ್ದರು, ಇವನು ಏಳಲಿಲ್ಲ. ಬಳೆ ಒಡೆದರು, ಕುಂಕುಮ ಒರೆಸಿದರು. ಗುಳಿ ಹೊರಬಿತ್ತು. ಕನ್ನಡಿ ನೋಡುವ ಕೆಲಸ ಇಲ್ಲದ್ದರಿಂದ ಅದನ್ನು ನಾನು ಬೆರಳಲ್ಲಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕರ್ಮ ಮುಗಿಯುವ ಹೊತ್ತಿಗೆ ಮೈಸೂರಿನಿಂದ ಹೊಸ ಕಾಗದದ ಕಟ್ಟು ಬಂತು. ಗಂಡ ಬದುಕಿದ್ದಾಗ ಹೊಡೆಯಲು ಹೇಳಿಬಂದಿದ್ದು. ಅಭ್ಯಾಸದಿಂದ ನಾನು ಬಣ್ಣದ ಬಟ್ಟಲಿಗೆ ಕೈ ಹಾಕಿದೆ. ಅತ್ತೆ ಬಟ್ಟಲು ಎತ್ತಿಕೊಂಡಳು.

"ನೀನ್ ಮುಟ್ಬ್ಯಾಡ ಕಣಮ್ಮಿ. ಬೊಟ್ಟು ಇಡೋ ಕೈಯಲ್ಲ ಅದು ಇನ್ನ."

ಓರಗಿತ್ತಿಗೆ ಆ ಕೆಲಸ ಹೋಯಿತು. ಅವಳ ಬೆರಳು ಬೆಂಡೆಕಾಯಿಯ ತುದಿಯ ಹಾಗೆ ಸಣ್ಣಗಿತ್ತು. ಚುಕ್ಕೆಯೂ ಸಣ್ಣದಾಗಿ ಬಂತು. ದೊಡ್ಡದು ಮಾಡಲು ಹೋಗಿ ಎರಡು ಸಲ ಒತ್ತಿದಳು, ಮೂಗಿನ ಮೇಲೆ ಸೋರಿತು. ಮೈದುನ ಕೆ.ಆರ್. ನಗರಕ್ಕೆ ಮೂಟೆ ಹೊತ್ತು ಹೋದವನು ಮೂಟೆ ಹೊತ್ತೇ ವಾಪಸು ಬಂದ. ಅಂಗಳದಲ್ಲಿ ಕೂತು ನನ್ನ ಕಡೆ ನೋಡದೆ ತನ್ನ ಹೆಂಡತಿಗೆ ಹೇಳಿದ.

"ಬೊಟ್ಟು ಸಣ್ಣಗದೆ, ಇದು ಕಳ್ ಮಾಲು ಅಂತಾರೆ ಕಣೆ. ಯಾರೋ ಬೊಟ್ಟಿನಮ್ಮನ್ನ ಕದ್ದು ಅಚ್ಚು ಆಕವ್ರೆ ಅಂತಾರೆ. ನಂಗೇ ಅಂತಾರೆ, ಕಳ್ಳ ಅಂತ."

ಬೊಟ್ಟೇ ಇಲ್ಲದೆ ಕಳಿಸಿ ನೋಡಿದರು. ಕೊಡಗಿನ ದಾರಿಯ ಕೊಪ್ಪದ ಅಂಗಡಿಯವನು ಕಟ್ಟು ಬಿಚ್ಚಿ ನೋಡಿ, "ಬೆಳಗಾಗೆದ್ದು ಬೋಣಿಗೆ ಮುಂಡೆ ಮುಖ ತಂದಿದ್ದೀಯಲ್ಲಪ್ಪ" ಎಂದು ವಾಪಸು ತಳ್ಳಿದನಂತೆ. ಇದನ್ನೂ ಮೈದುನ ಅಂಗಳದಲ್ಲೇ ಹೇಳಿದ. ನಾನು ಅಲ್ಲೇ ಜರಡಿ ಹಿಡಿಯುತ್ತಿದ್ದೆ. ಅವನು ಕೆಟ್ಟವನಲ್ಲ, ಹೇಳಿದ ಮೇಲೆ ನಾನಿರುವುದು ಕಂಡು ಎದ್ದು ಹೋದ. ಅದೇ ಮುಖ, ಅದೇ ಮೂಗುತಿ, ಅದೇ ಪುಡಿ. ಒಂದು ಚುಕ್ಕೆ ಇಲ್ಲದ್ದಕ್ಕೆ ಪೊಟ್ಟಣವೂ ನನ್ನ ಸಾಲಿಗೆ ಬಂದು ಕೂತಿತು.

ಆಮೇಲೆ ನವಿಲಿನ ಮಾರ್ಕು ಮಾಡಿಸಿದರು. ಚೆನ್ನಾಗಿಯೇ ಇತ್ತು. ಪಿರಿಯಾಪಟ್ಟಣದ ಹೆಂಗಸರು "ನವಿಲು ಎಲಡ್ಕೆ ಆಕ್ಕೊಂತದೇನ್ಲಾ?" ಎಂದು ಕೇಳಿ ಮುಂದೆ ಹೋದರು.

ಇಷ್ಟರಲ್ಲಿ ಮನೆಯಲ್ಲಿ ಬೇರೆ ಮಾತು ಎದ್ದಿತ್ತು. ಪುಡಿ ನಿಲ್ಲಿಸಿ, ಒರಳು ಜರಡಿ ಮಾರಿ, ಮೈದುನ ಒಬ್ಬ ಹೊಗೆಸೊಪ್ಪಿನ ಸಾಹುಕಾರರ ಹತ್ತಿರ ಆಳಾಗಿ ಸೇರುವುದು. ನನ್ನನ್ನೂ ಮಗಳನ್ನೂ ತೌರಿಗೆ ಕಳಿಸುವುದು. ಕುಟ್ಟುವ ಕೆಲಸ ಇಲ್ಲದ ಮೇಲೆ ನನಗೆ ಅನ್ನ ಹಾಕುವುದು ಯಾತಕ್ಕೆ? ತೌರಲ್ಲಿ ನನ್ನ ಅಣ್ಣನೂ ಅತ್ತಿಗೆಯೂ ಇದ್ದರು. ಗಂಡನ ಕರ್ಮಕ್ಕೆ ಬಂದಾಗ ಅಣ್ಣ ನನ್ನ ಮಗಳನ್ನು ಎತ್ತಿಕೊಳ್ಳಲೂ ಇಲ್ಲ. ಎತ್ತಿಕೊಂಡರೆ ಕೊಂಡೊಯ್ಯಬೇಕಾಗುತ್ತದೆ ಎಂದು ಹೆದರಿದ್ದ. ಹೋಗುವ ಜಾಗ ಅದು. ನಾನು ಬೇಡ ಅಂದರೆ ಕೇಳುವವರು ಯಾರು? ಗಾಡಿ ಕಟ್ಟುವ ದಿನಕ್ಕೆ ಕಾಯುತ್ತಾ ಜರಡಿ ಹಿಡಿದೆ.

ಒಂದು ಮಧ್ಯಾಹ್ನ, ಮೈದುನ ಸಂತೆಗೆ ಹೋಗಿದ್ದಾಗ, ಅತ್ತೆ ನನ್ನನ್ನು ಪುಡಿಯ ಕೋಣೆಗೆ ಕರೆದು ಬಾಗಿಲು ಮುಂದಕ್ಕೆ ಎಳೆದಳು. ಓರಗಿತ್ತಿಯೂ ಅಲ್ಲೇ ಇದ್ದಳು. ನೆಲದ ಮೇಲೆ ಕಾಗದದ ಕಟ್ಟು, ಬಣ್ಣದ ಬಟ್ಟಲು.

"ಇಡು," ಅಂದಳು ಅತ್ತೆ.

"ನೀವೇ ಬ್ಯಾಡ ಅಂದ್ರಿ."

"ಕುಂಕುಮ ಬ್ಯಾಡ ಅಂದೆ. ಇದು ಬಣ್ಣ. ಸೀರೆಗೆ ಆಕೋದು."

"ಕೈ ನಂದೇ ತಾನೆ?"

"ನಿನ್ ಕೈ ಅಂತ ಕಾಗ್ದಕ್ಕೆ ಗೊತ್ತಾ? ಬಾಯಿ ಮುಚ್ಕೊಂಡು ಇಡು. ತೌರಿಗೆ ಓಗ್ಬೇಕು ಅನ್ನೋ ಆಸೆ ಇದ್ರೆ ಬುಡು."

ಇಟ್ಟೆ. ನನ್ನದೇ ಮುಖ, ಒಂದರ ಪಕ್ಕ ಒಂದು ಹರಡಿಕೊಂಡು, ಒಂದೊಂದಕ್ಕೂ ಬೊಟ್ಟು ಇಟ್ಟೆ. ಬೆರಳು ಮರೆತಿರಲಿಲ್ಲ. ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಊಂ" ಅಂದಳು. ಆ ಮುದುಕಿಯೂ ಬರಿಹಣೆಯವಳೇ. ಏನನ್ನಿಸಿತೋ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ.

ಆ ಕಟ್ಟು ಸಂತೆಗೆ ಹೋದಾಗ ಹೆಂಗಸರು "ಬಂದ್ಲು ಕಣೆ ಬೊಟ್ಟಿನಮ್ಮ, ಎಲ್ಲೋಗಿದ್ಲೋ" ಅಂದರಂತೆ. ಒರಳು ಮಾರುವ ಮಾತು ನಿಂತಿತು. ತೌರಿನ ಮಾತೂ ನಿಂತಿತು.

ಆದರೆ ಬಣ್ಣ ಬೆರಳಿಗೆ ಹತ್ತಿತು. ಮೊದಲು ಹತ್ತಿದ್ದರೆ ಯಾರೂ ನೋಡುತ್ತಿರಲಿಲ್ಲ. ಈಗ ಬಾವಿಯ ಹತ್ತಿರ ಹಗ್ಗ ಎಳೆಯುವಾಗ ಪಕ್ಕದ ಮನೆಯವಳ ಕಣ್ಣು ನನ್ನ ಉಂಗುರದ ಬೆರಳ ಮೇಲೆ ನಿಂತಿತು. "ಏನಕ್ಕ, ಕೈಲಿ ಕುಂಕುಮ?" ಅಂದಳು. ನಾನು ಮಾತಾಡುವ ಮೊದಲೇ ಹಿಂದಿನಿಂದ ಓರಗಿತ್ತಿ, "ನಂದೇ ಕಣಕ್ಕ. ಬೊಟ್ಟು ಇಡೋವಾಗ ಬಟ್ಲು ಉರುಳ್ಸಿಬುಟ್ಟೆ, ಅಕ್ಕ ಒರೆಸಿದ್ಲು" ಅಂದಳು. ಮಾರನೆಯ ದಿನದಿಂದ ನಾನು ಕೋಣೆಯಿಂದ ಹೊರಗೆ ಬರುವ ಮೊದಲು ಹುಣಸೆಹಣ್ಣು, ಬೂದಿ ಹಾಕಿ ಬೆರಳು ಉಜ್ಜಿಕೊಳ್ಳುತ್ತಿದ್ದೆ, ಅವಳು ತನ್ನ ಬೆರಳನ್ನು ಬಟ್ಟಲಲ್ಲಿ ಅದ್ದಿಕೊಂಡು ಹೊರಗೆ ಹೋಗುತ್ತಿದ್ದಳು. ಅತ್ತೆ ಹೇಳಿಕೊಟ್ಟದ್ದು. ಓರಗಿತ್ತಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಲ್ಲಿ ಇಡಲಿ?

ಊರವರು ಅವಳ ಕೈಗುಣ ಹೊಗಳಿದರು. ಗೌರಿಹಬ್ಬಕ್ಕೆ ಬಾಗಿನ ಕೊಡಲು ಅವಳನ್ನು ಮೊದಲು ಕರೆದರು. ಸಂತೆಗೆ ನನ್ನ ಬದಲು ಅವಳು ಹೋಗತೊಡಗಿದಳು. ಮೈದುನನ ಮಾತಿನಂತೆ ದೊಡ್ಡ ಬೊಟ್ಟು ಇಟ್ಟುಕೊಂಡಳು, ಮೂಗುತಿ ಹಾಕಿದಳು, ಕೆನ್ನೆಗೆ ಎಲೆ ಅಡಿಕೆ ತುಂಬಿದಳು. ಅವಳ ಮುಖ ಉದ್ದ, ನನ್ನದು ಗುಂಡು. ಅದು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ. ಬೊಟ್ಟು ಇತ್ತು, ಸಾಕು. ಕೋಟೆಯಿಂದ ಬಂದ ಒಬ್ಬಳು ಗಿರಾಕಿ ಮನೆಯ ಜಗುಲಿಯಲ್ಲಿ ನೀರು ಕೇಳಿ ಕುಡಿದು, ಪೊಟ್ಟಣ ಹಿಡಿದು ಓರಗಿತ್ತಿಯನ್ನು ನೋಡಿ, "ಅಂಗಂಗೇ ಅವ್ಳೆ ಕಣೆ" ಎಂದು ಜೊತೆಯವಳಿಗೆ ಹೇಳಿದಳು. ನೀರು ತಂದುಕೊಟ್ಟವಳು ನಾನು.

ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು. ಆ ಗಿರಾಕಿ ಅವಳಿಗೆ ಬೆಲ್ಲದ ಚೂರು ಕೊಟ್ಟು, ಪೊಟ್ಟಣ ತೋರಿಸಿ ಕೇಳಿದಳು.

"ಇದ್ಯಾರು ಏಳು ಮೊಗ?"

"ಚಿಕ್ಕವ್ವ," ಅಂದಳು ಮಗಳು.

ಅವಳಿಗೆ ನನ್ನ ಹಣೆಯಲ್ಲಿ ಬೊಟ್ಟು ಇದ್ದುದರ ನೆನಪಿಲ್ಲ. ಆಗ ಅವಳಿಗೆ ನೆನಪಿಡುವ ವಯಸ್ಸೂ ಆಗಿರಲಿಲ್ಲ. ಓರಗಿತ್ತಿ ನನ್ನ ಕಡೆ ನೋಡಿದಳು. ಅದು ನನ್ನ ಮುಖವೆಂದು ಹೇಳಿದ್ದರೆ, ಬೊಟ್ಟಿನಮ್ಮ ಮುಂಡೆಯಾದಳೆಂದೂ ಬೊಟ್ಟು ಇಡುವ ಕೈ ಯಾವುದೆಂದೂ ಕೋಟೆಯ ತನಕ ಸುದ್ದಿ ಹೋಗುತ್ತಿತ್ತು. ಪೊಟ್ಟಣ ಮತ್ತೆ ಮೂಟೆಯಲ್ಲೇ ವಾಪಸು ಬರುತ್ತಿತ್ತು. ಅದರ ಹಿಂದೆಯೇ ನನ್ನ ತೌರಿಗೆ ಗಾಡಿ ಕಟ್ಟುತ್ತಿದ್ದರು.

"ಊಂ ಕಣವ್ವ, ಅವ್ಳೇ," ಅಂದೆ ನಾನು. ಖಾಲಿ ಚೊಂಬು ಎತ್ತಿಕೊಂಡು ಒಳಗೆ ಹೋದೆ. ಬಾಗಿಲು ಮುಂದಕ್ಕೆ ಎಳೆದುಕೊಂಡು ಉಳಿದ ಕಾಗದಗಳಿಗೆ ಬೊಟ್ಟು ಇಟ್ಟೆ.