ಏಳು ಗಂಟೆಗೆ ಹೋಗುವ ಲೈನು

ಜೂನ್ ಒಂಬತ್ತು, ಸೋಮವಾರ, ಸಂಜೆ ಏಳು ಗಂಟೆ ನಾಲ್ಕು ನಿಮಿಷಕ್ಕೆ ಮೊದಲ ಸಲ ಲೈನ್ ಹೋಯಿತು. ಫೋನಿನ ಪರದೆಯಲ್ಲಿ ಅವ್ವನ ಬಾಯಿ ಅರ್ಧ ತೆರೆದಿತ್ತು. ಅದು ಹಾಗೇ ನಿಂತುಬಿಟ್ಟಿತು.

ಅವ್ವ ಖಾನಾಪುರದಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಾಳೆ. ಆ ತಂಗಿಯನ್ನು ನಾನು ಮೌಶಿ ಅನ್ನುತ್ತೇನೆ. ಮಾರ್ಚಿನಲ್ಲಿ ಲಕ್ವ ಹೊಡೆದು ಅವ್ವನ ಬಲಗೈ, ಮಾತು ಎರಡೂ ಹೋದವು. ಅದಕ್ಕೆ ಮೊದಲು ಅವಳು ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಿರಣಿಯ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ರೂಢಿಯಾಗಿ, ಮನೆಯಲ್ಲಿ ಉಪ್ಪು ಕೇಳಿದರೂ ಓಣಿಯ ಕೊನೆಗೆ ಕೇಳಿಸುತ್ತಿತ್ತು.

ನಾನು ಬೆಳಗಾವಿಯ ಖಾಸಬಾಗದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೇನೆ. ಎರಕದ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ. ಎರಕದಲ್ಲಿ ಬಿರುಕು ಬಂದರೆ ಯಾವ ದಿನ, ಯಾವ ಹೊತ್ತು, ಅಚ್ಚಿನ ಮರಳು ಒದ್ದೆಯಿತ್ತೋ ಒಣಗಿತ್ತೋ ಎಂದು ಬರೆಯುವುದು. ವಾರದಲ್ಲಿ ಒಂದೇ ದಿನ ರಜೆ. ಆರೋಗ್ಯ ಕ್ಯಾಂಪಿನಲ್ಲಿ ಅವ್ವನನ್ನು ನೋಡಿದ, ಮಾತಿನ ತರಬೇತಿ ಕೊಡುವ ಡಾಕ್ಟರು ಹೇಳಿದ್ದು ಇಷ್ಟು: "ದಿನಾ ಒಂದ ಹೊತ್ತಿಗೆ, ಒಂದ ಮುಖ ನೋಡ್ಕೋತ ಮಾಡಸ್ರಿ. ಮೊದಲಿನ ಆರ್ ತಿಂಗಳದಾಗ ಬಂದಷ್ಟು ಸಲೀಸ ಆಮ್ಯಾಲ ಬರೂದಿಲ್ಲ." ಹಾಗಾಗಿ ದಿನಾ ಏಳಕ್ಕೆ ನಾನು ವಿಡಿಯೋ ಕರೆ ಮಾಡಿ ಒಂದೊಂದೇ ಚಿತ್ರ ತೋರಿಸಿ ಹೆಸರು ಹೇಳಿಸುತ್ತಿದ್ದೆ. ನೀರು. ಅನ್ನ. ಮನಿ. ಮೌಶಿ ಆ ಕಡೆ ಫೋನ್ ಹಿಡಿದು ಕೂರುತ್ತಿದ್ದಳು. ಏಳೂವರೆಗೆ ಅವ್ವ ಗುಳಿಗೆ ನುಂಗಿ ಮಲಗಬೇಕು. ಆರು ತಿಂಗಳೆಂದರೆ ಸೆಪ್ಟೆಂಬರಿನವರೆಗೆ.

ಮೊದಲ ದಿನ ನಲವತ್ತು ನಿಮಿಷ ಕಾದೆ. ಲೈನ್ ಬಂದಾಗ ಅವ್ವ ಮಲಗಿದ್ದಳು. ಮರುದಿನ ಮತ್ತೆ ಹೋಯಿತು. ಅದರ ಮರುದಿನವೂ ಹೋಯಿತು. ನಮ್ಮ ಮನೆಗೆ ಇಂಟರ್ನೆಟ್ ಬರುವುದು ಟಿವಿಗೆ ಬರುವ ಅದೇ ಕಪ್ಪು ಕೇಬಲಿನಲ್ಲಿ. ಮೊಬೈಲಿನ ನೆಟ್ ಈ ಕೆಳಗಿನ ಕೋಣೆಯಲ್ಲಿ ವಿಡಿಯೋಗೆ ಸಾಲುವುದಿಲ್ಲ, ಮಾಳಿಗೆಗೆ ಹೋದರೆ ಮಳೆ.

ನಾಲ್ಕನೆಯ ದಿನದಿಂದ ಹೊರಗೆ ಹೋಗಿ ಕಂಬ ನೋಡಿ ಬರೆಯತೊಡಗಿದೆ. ಹೋದ ಹೊತ್ತು, ಬಂದ ಹೊತ್ತು, ಮಳೆ ಇತ್ತೋ ಇಲ್ಲವೋ. ಎರಡು ವಾರದಲ್ಲಿ ಒಂದು ವಿಷಯ ಕಂಡಿತು. ಮೋಡ ಕವಿದ ದಿನ ಲೈನ್ ಬೇಗ ಹೋಗುತ್ತಿತ್ತು, ಬಿಸಿಲು ಬಿದ್ದ ದಿನ ತಡವಾಗಿ. ಎಲ್ಲೋ ನೀರು ಇಳಿಯುತ್ತಿದೆ ಎಂದುಕೊಂಡೆ. ಸೋಮವಾರಗಳಲ್ಲಿ ಹೋದ ಲೈನ್ ಬೇಗ ತಿರುಗಿ ಬರುತ್ತಿರಲಿಲ್ಲ. ಅದಕ್ಕೆ ಕಾರಣ ಹೊಳೆಯಲಿಲ್ಲ, ಆದರೂ ಬರೆದಿಟ್ಟೆ.

ಕೇಬಲಿನವನು ಮೂರು ಸಲ ಬಂದ. ಮೊದಲ ಸಲ ಕೇಬಲಿನ ತುದಿಯ ಪಿನ್ನು ಬದಲಿಸಿದ. ಎರಡನೆಯ ಸಲ ಕಂಬದಿಂದ ಕಿಟಕಿಯವರೆಗೆ ಹೊಸ ಕೇಬಲ್ ಎಳೆದ. ಮೂರನೆಯ ಸಲ ಮೊಡೆಮ್ ಬದಲಿಸಿದ. ಬಂದದ್ದೆಲ್ಲ ಮಧ್ಯಾಹ್ನ, ಲೈನ್ ಚೆನ್ನಾಗಿರುವಾಗ.

"ಅಕ್ಕಾರ, ಈಗ ನೋಡ್ರಿ, ಓಡಾಕತ್ತೈತಿ ಕುದರಿಗತೆ."

"ಸಂಜಿಗೆ ಬರ್ರಿ. ಸಂಜಿಗೆ ಕುಂಟ್ತೈತಿ."

"ಸಂಜಿಗೆ ವಸೂಲಿಗೆ ಹೋಗಬೇಕ್ರಿ. ಸಂಜಿಗೆ ನಿಮ್ಮನಿಗೆ ಬಂದು ಕುಂತ್ರ ನನ್ನ ಹೆಂಡ್ತಿ ನನ್ನ ಲೈನ್ ಕಟ್ ಮಾಡ್ತಾಳ."

ನಾನು ನಗಲಿಲ್ಲ. ಆತ ಹೋದ ಮೇಲೆ ನಗಬೇಕಿತ್ತು ಅನಿಸಿತು.

ಲೈನ್ ಹೋದ ಕೂಡಲೇ ಮೌಶಿ ವಿಡಿಯೋ ಇಲ್ಲದ ಬರೀ ಫೋನ್ ಮಾಡುತ್ತಿದ್ದಳು. "ಹೋತು ನೋಡು ಬಾಳಾ," ಅನ್ನುವಳು. ಮಗುವಿಗೆ ಮರಾಠಿಯಲ್ಲಿ ಅನ್ನುವಂತೆ ನನ್ನನ್ನು ಬಾಳಾ ಅನ್ನುತ್ತಾಳೆ. ಪ್ರತಿ ದಿನ ಅದೇ ಮಾತು. ಜೂನ್ ಕೊನೆಯ ವಾರ ಒಂದು ಸಂಜೆ ಅವಳ ದನಿ ಬೇರೆ ಇತ್ತು.

"ಬಾಳಾ, ನಿಮ್ಮವ್ವ ಮಾತಾಡಿದ್ಳು!"

"ಏನಂದ್ಳು?"

"ಹೋತು ಅಂದ್ಳು. ನಾನು ಅನ್ನೂಕಿಂತ ಮೊದ್ಲ ಅಂದ್ಳು. ದೇವರಾಣಿ, ಖರೇನ."

"ಫೋನ್ ಅಕಿ ಬಾಯಿ ಹತ್ರ ಹಿಡಿ."

ಹಿಡಿದಳು. ಉಸಿರು ಕೇಳಿಸಿತು. ಇನ್ನೇನೂ ಇಲ್ಲ. ಸಂತೋಷ ಆಗಬೇಕಿತ್ತು. ಏಳು ಗಂಟೆ ಆರು ನಿಮಿಷ, ತುಂತುರು ಮಳೆ ಎಂದು ಬರೆದುಕೊಂಡು ಅಕ್ಕಿ ತೊಳೆದೆ.

ಮರುದಿನವೂ ಅಂದಳಂತೆ. ಆಮೇಲೆ ದಿನಾ ಅಂದಳು. ನೀರು ಬರಲಿಲ್ಲ, ಅನ್ನ ಬರಲಿಲ್ಲ, ಮನಿ ಬರಲಿಲ್ಲ. ಇದೊಂದು ಬಂತು. ಲೈನ್ ಹೋದ ಮೇಲೆಯೇ ಅನ್ನುತ್ತಿದ್ದುದರಿಂದ ನನಗೆ ಅದು ಒಂದು ದಿನವೂ ಕೇಳಿಸಲಿಲ್ಲ. ಭಾನುವಾರ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ ದಿನವಿಡೀ ಪಕ್ಕದಲ್ಲಿ ಕೂತರೂ ಅವಳು ಬಾಯಿ ತೆರೆಯಲಿಲ್ಲ. ಹೊರಡುವಾಗಲೂ ಅನ್ನಲಿಲ್ಲ.

ಜುಲೈನಲ್ಲಿ ಒಂದು ಸಂಜೆ ಲೈನ್ ಹೋದಾಗ ಛತ್ರಿ ಹಿಡಿದು ಹೊರಗೆ ಬಂದು ಕೇಬಲಿನ ಜಾಡು ಹಿಡಿದು ನಡೆದೆ. ಮೂರು ಮನೆ ದಾಟಿದ ಮೇಲೆ ಒಂದು ಗೋಡೆಯ ಮೇಲೆ ಇಡೀ ಓಣಿಗೆ ಸಿಗ್ನಲ್ ಹಂಚುವ ಪೆಟ್ಟಿಗೆ ಇದೆ. ಹಗಲು ಅದರಲ್ಲಿ ಹಸಿರು ದೀಪ ಉರಿಯುವುದನ್ನು ನೋಡಿದ್ದೆ. ಈಗ ಉರಿಯುತ್ತಿರಲಿಲ್ಲ. ಪೆಟ್ಟಿಗೆಯ ವೈರು ಕಿಟಕಿಯಿಂದ ಆ ಮನೆಯೊಳಗೆ ಹೋಗಿತ್ತು. ಬಾಗಿಲು ತಟ್ಟಿದೆ. ಆ ಮನೆಯ ಸೊಸೆ ತೆರೆದಳು.

"ಲೈನ್ ಹೋತೇನ್ರಿ? ನಮ್ಮತ್ತಿ ಪೂಜಿಗಿ ಕುಂತಾರ, ಮುಗಿಯೂತನ ಬರೂದಿಲ್ಲ. ಒಳಗ ಬರ್ರಿ, ಕುಂದರ್ರಿ."

"ನಿಮಗ ಮೊದ್ಲ ಗೊತ್ತಿತ್ತೇನ್ರಿ?"

"ಓಣಿಗೆಲ್ಲಾ ಗೊತ್ತೈತಿ. ಅಜ್ಜಿ ಪೂಜಿಗಿ ಕುಂತಾಳಂದ್ರ ಎಲ್ಲಾರೂ ಟಿವಿ ಬಿಟ್ಟು ರೊಟ್ಟಿ ಬಡ್ಯಾಕ ಹೋಗ್ತಾರ. ನೀವ ಯಾರ್ನೂ ಕೇಳ್ಲಿಲ್ಲ. ದಿನಾ ಛತ್ರಿ ಹಿಡ್ಕೊಂಡು ಕಂಬ ನೋಡಿ ಬರ್ಕೋತಿದ್ರಿ. ಏನೋ ಸರ್ಕಾರಿ ಸರ್ವೇ ಇರಬೇಕಂತ ನಾವೂ ಸುಮ್ಮನಿದ್ವಿ."

ದೇವರ ಕೋಣೆಯಲ್ಲಿ ಅಜ್ಜಿ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದು ಕಾಣುತ್ತಿತ್ತು. ಪೆಟ್ಟಿಗೆಗೆ ಕರೆಂಟು ಕೊಟ್ಟಿದ್ದಕ್ಕೆ ಆ ಮನೆಗೆ ಕೇಬಲ್ ಪುಕ್ಕಟೆ. ಪ್ಲಗ್ ಇದ್ದದ್ದು ದೇವರ ಕೋಣೆಯ ಗೋಡೆಯಲ್ಲಿ. ಪೂಜೆ ಮುಗಿಸಿ ಅಜ್ಜಿ ಎದ್ದು ಸ್ವಿಚ್ ಒತ್ತಿದಳು. ಕಿಟಕಿಯಾಚೆ ಹಸಿರು ದೀಪ ಬಂತು.

"ಈ ಡಬ್ಬಿ ಗುಂಯ್ ಅಂತೈತೆವ್ವಾ," ಎಂದು ಪ್ಲಗ್ಗಿನ ಪಕ್ಕದ ಅಡಾಪ್ಟರ್ ತೋರಿಸಿದಳು. "ಹಳೇದು ಮೂಕ ಇತ್ತು. ಅದು ಸಿಡ್ಲಿಗೆ ಸುಟ್ಟ ಮ್ಯಾಲ ಕೇಬಲಿನಾಂವ ಇದನ್ನ ಹಚ್ಚಿ ಹೋದ. ಕಣ್ಣ ಮುಚ್ಚಿದ್ರ ಕಿವ್ಯಾಗ ಜೇನ ಹೊಕ್ಕಂಗ ಆಗತೈತಿ, ಅದಕ್ಕ ಬಂದ್ ಮಾಡಿ ಕುಂದರ್ತೀನಿ."

ಮೋಡ ಕವಿದ ದಿನ ಬೇಗ ಕತ್ತಲಾಗುತ್ತದೆ, ಬೇಗ ದೀಪ ಹಚ್ಚುತ್ತಾರೆ. ಸೋಮವಾರ ಪೂಜೆ ಉದ್ದ. ನಾನು ಬರೆದದ್ದೆಲ್ಲ ಸರಿಯಾಗಿತ್ತು.

ಅವ್ವನ ವಿಷಯ ಹೇಳಿದೆ. ಅಜ್ಜಿ ತಲೆ ಮೇಲಿನ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದಳು. "ಹುಚ್ಚಿ, ಮೊದ್ಲ ಹೇಳಬಾರದನ? ನಿಮ್ಮವ್ವನ ಮಾತಿಗಿಂತ ನನ್ನ ಪೂಜಿ ದೊಡ್ಡದನ?" ಎಂದಳು. ಮರುದಿನವೇ ಕೇಬಲಿನವನನ್ನು ಕರೆಸಿ, ಅಡಾಪ್ಟರನ್ನು ಹೊರಗಿನ ಕಟ್ಟೆಯ ಮೇಲೆ ಮೀಟರಿನ ಬಾಜು ಹಾಕಿಸಿದಳು. "ಗುಂಯ್ ಅನ್ನೂದನ್ನ ಎಲ್ಲಿ ಹಚ್ಚಬೇಕಂತ ತಿಳೀದಿದ್ರ ನಿನ್ನ ಕಿವಿಗೆ ಕಟ್ಕೋ," ಎಂದು ಬೈದದ್ದು ನನ್ನ ಕೋಣೆಗೂ ಕೇಳಿಸಿತು.

ಅಂದಿನಿಂದ ಏಳು ಗಂಟೆಗೆ ಲೈನ್ ಹೋಗಿಲ್ಲ. ಅರ್ಧ ತಾಸು ಪೂರ್ತಿ ಅವ್ವನ ಮುಖ ತಡೆಯಿಲ್ಲದೆ ಕಾಣುತ್ತದೆ. ನೀರು, ಅನ್ನ, ಮನಿ. ಅವಳು ಚಿತ್ರ ನೋಡುವುದಿಲ್ಲ. ಪರದೆ ನೋಡುತ್ತಾ ಕಾಯುತ್ತಾಳೆ. ಕೊನೆಗೆ ನಾನು ನಾಳಿ ಮಾಡ್ತೀನಿ ಎಂದು ಹೇಳಿ ಕೈ ಬೀಸಿ ಕರೆ ಮುಗಿಸಿದರೆ ಏನೂ ಅನ್ನುವುದಿಲ್ಲ. ಹತ್ತು ದಿನ ಹೀಗೆ ಹೋಯಿತು. ಮೌಶಿ ಅಂದಳು, "ಲೈನ್ ಚಲೋ ಆತು, ಮಾತು ಬಂದ್ ಆತು. ಆ ಅಜ್ಜಿಗೆ ಹೇಳು, ಮತ್ತ ಪೂಜಿ ಚಾಲೂ ಮಾಡಂತ." ನಗಿಸಲು ಅಂದದ್ದು.

ಆ ಭಾನುವಾರ ಮೌಶಿಗೆ ಮೊದಲೇ ತಿಳಿಸಿ, ಸಂಜೆ ಖಾನಾಪುರದ ಮನೆಗೆ ಹಿತ್ತಲ ಬಾಗಿಲಿನಿಂದ ಹೋದೆ. ಅಡಿಗೆಮನೆಯಲ್ಲಿ ಬಿಳಿ ಗೋಡೆಗೆ ಬೆನ್ನು ಹಚ್ಚಿ ಕೂತು ಏಳಕ್ಕೆ ಕರೆ ಮಾಡಿದೆ. ನಡುವೆ ಒಂದು ಪರದೆ ಬಟ್ಟೆ ಮಾತ್ರ. ಸಣ್ಣ ದನಿಯಲ್ಲಿ ನೀರು ಅಂದೆ, ಅನ್ನ ಅಂದೆ. ಮನಿ ಅನ್ನುವಾಗ ಅರ್ಧಕ್ಕೆ ನೆಟ್ ಬಂದ್ ಮಾಡಿದೆ.

ಪರದೆ ಬಟ್ಟೆಯಾಚೆಯಿಂದ ಬಂತು.

"ಹೋತು."

ಗಿರಣಿಯ ದನಿ ಅಲ್ಲ. ತೆಳುವಾಗಿತ್ತು, ಆದರೆ ಸ್ಪಷ್ಟವಾಗಿತ್ತು. ಕರೆಂಟು ಹೋದರೆ ಅನ್ನುತ್ತಾರಲ್ಲ, ಹಾಗೆ. ನಾನು ಎದ್ದು ಹೊರಗೆ ಬಂದೆ. ಅವ್ವ ನನ್ನನ್ನು ನೋಡಿದಳು, ಫೋನ್ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು. "ಕಳ್ಳಿ ಸಿಕ್ಕಳು ನೋಡಕ್ಕಾ, ಬಿಡಬ್ಯಾಡ," ಎಂದಳು ಮೌಶಿ. ಅವ್ವ ಬಿಡಲಿಲ್ಲ. ಮಾತನ್ನೂ ಆಡಲಿಲ್ಲ.

ಈಗ ಲೈನ್ ಸರಿಯಿದೆ. ಬೇಕಾದಾಗ ಹೋಗುವಂತೆ ಮಾಡುವುದೂ ನನಗೆ ಗೊತ್ತು. ದಿನಾ ಏಳೂಕಾಲಿಗೆ ಹಾಗೆ ಮಾಡಿದರೆ ಅವಳಿಗೆ ಆ ಒಂದು ಮಾತು ಉಳಿಯಬಹುದು, ಅದರ ಬೆನ್ನಿಗೆ ಇನ್ನೊಂದು ಬರಬಹುದು. ಅಥವಾ ಕಾಯುವುದೊಂದೇ ಅವಳಿಗೆ ರೂಢಿಯಾಗಬಹುದು. ಡಾಕ್ಟರನ್ನು ಕೇಳಿದೆ. ಇಂಥದ್ದನ್ನು ತಾನು ನೋಡಿಲ್ಲ ಎಂದರು. ಓಣಿಯಲ್ಲೂ ಕೇಳಿದೆ, ಈ ಸಲ ಎಲ್ಲರನ್ನೂ. ಯಾರಿಗೂ ಗೊತ್ತಿಲ್ಲ. ಹೋದಾಗ ಮಾತ್ರ ಆಡುವವರನ್ನು, ಇದ್ದಾಗ ಆಡುವಂತೆ ಮಾಡಿದವರು ಯಾರಾದರೂ ಇದ್ದರೆ, ಹೇಗೆ ಮಾಡಿದಿರೆಂದು ನನಗೆ ಬರೆಯಿರಿ. ಸೆಪ್ಟೆಂಬರಿನೊಳಗೆ ಬರೆದರೆ ಒಳ್ಳೆಯದು.